ಕೋಟೆ ಕಾವಲುಗಾರನ ಊಟ

ತೊಂಬತ್ತರ ದಶಕದಲ್ಲಿ ನಾನು ಸಿಂಧನೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಬಿಡುವಿನಲ್ಲಿ ನನ್ನ ಮೊದಲ ಆಟ ಬರೆದೆ. ಅದರಲ್ಲಿ ಚಿತ್ರವಿಲ್ಲ, ಬರೀ ಮಾತು. ಪರದೆ ಕಥೆ ಹೇಳುತ್ತದೆ, ಮುಂದೇನು ಮಾಡಬೇಕು ಅನ್ನುವುದನ್ನು ಆಡುವವರು ಟೈಪ್ ಮಾಡಬೇಕು. ಕನ್ನಡವೇ, ಇಂಗ್ಲಿಷ್ ಅಕ್ಷರಗಳಲ್ಲಿ.

ಮಗಳನ್ನು ಕೋರ್ಸಿಗೆ ಸೇರಿಸಲು ಬಂದಿದ್ದ ಮುದಗಲ್ಲಿನ ಕಿರಾಣಿ ವ್ಯಾಪಾರಿಯೊಬ್ಬರನ್ನು ಹಿಡಿದು ಕೂರಿಸಿದೆ. ಅವರು ಹೇಳುವುದು, ನಾನು ಒತ್ತುವುದು.

‘ನೀವು ಮುದಗಲ್ ಕೋಟೆಯ ಬಾಗಿಲಿಗೆ ಬಂದಿದ್ದೀರಿ. ಕಾವಲುಗಾರ ನಿಂತಿದ್ದಾನೆ. ಏನು ಮಾಡುತ್ತೀರಿ?’

ಹೊಡೆ, ಓಡು, ಅಡಗು, ಎಲ್ಲಕ್ಕೂ ನಾನು ಉತ್ತರ ಬರೆದಿಟ್ಟಿದ್ದೆ.

“ಊಟ ಆತೇನ್ರೀ ಅಂತ ಕೇಳ್ರಿ,” ಅಂದರು.

ಪರದೆಯ ಮೇಲೆ ‘ಅರ್ಥವಾಗಲಿಲ್ಲ’ ಎಂದು ಬಂತು.

ಅವರಿಗೆ ಸಿಟ್ಟೇ ಬಂತು. “ಮಾತಾಡಿಸಿದ್ರ ಹಿಂಗ ಅಂತಾನಲ್ರೀ! ಎಂಥಾ ಮನಷ್ಯಾ ಅದಾನ ಇವ?”

ನಾನು ಹಿಗ್ಗಿಹೋದೆ. ನನ್ನ ಕಾವಲುಗಾರ ಅವರಿಗೆ ಮನುಷ್ಯನಾಗಿದ್ದ! ಅಲ್ಲೇ ಕೂತು ಅವನಿಗೆ ಮಾತು ಕಲಿಸಿದೆ: ‘ಆತ್ರೀ, ನಿಮ್ದು?’

“ಹಾಂ, ಈಗ ಸರಿ ಆತು,” ಎಂದು ಕುರ್ಚಿ ಹತ್ತಿರ ಎಳೆದುಕೊಂಡರು. ಕಾವಲುಗಾರನಿಗೆ ಮಳೆ ಹೇಗೆಂದು ಕೇಳಿದರು, ಮಕ್ಕಳೆಷ್ಟೆಂದು ಕೇಳಿದರು. ಒಂದೊಂದಕ್ಕೂ ನಾನು ಉತ್ತರ ಬರೆಯುತ್ತಾ ಹೋದೆ. ಊರ ಕಡೆ ಹೋಗುವ ಲಿಂಗಸುಗೂರು ಬಸ್ಸಿಗೆ ಹೊತ್ತಾಯಿತೆಂದು, ಕಾವಲುಗಾರನಿಗೆ ‘ಬರ್ತೀನ್ರೀ’ ಹೇಳಿಸಿಯೇ ಎದ್ದರು.

ನನ್ನ ಮೊದಲ ಆಟಗಾರ ಕೋಟೆಯೊಳಗೆ ಕಾಲೇ ಇಡಲಿಲ್ಲ. ನಾನು ಕಷ್ಟಪಟ್ಟು ಹೂತಿಟ್ಟ ನಿಧಿ ಇನ್ನೂ ಅಲ್ಲೇ ಇದೆ.