ನಡುವಿನ ರಾತ್ರಿ

ಮಲ್ಕಾಜ್‌ಗಿರಿಯಲ್ಲಿ ನಮ್ಮ ಪಕ್ಕದ ಮನೆಯ ಇಂದಿರಾಬಾಯಿಯ ಗಂಡ ವಸಂತರಾಯರು ಪೆಸಿಫಿಕ್ ಸಾಗರದ ತಳ ಶೋಧಿಸಲು ಹೋದವರು ಹಡಗಿನಲ್ಲೇ ತೀರಿಕೊಂಡರು. ಜೊತೆಗಿದ್ದ ಇಬ್ಬರು ಬಂದು ಹೇಳಿದರು. ಸೋಮವಾರ ಅಲೆ ನೋಡುತ್ತ ನಿಂತಲ್ಲೇ ಕುಸಿದರು ಎಂದ ಒಬ್ಬ. ಮಂಗಳವಾರ ಮಲಗಿದಲ್ಲೇ ಹೋದರು ಎಂದ ಇನ್ನೊಬ್ಬ. ಹಡಗು ಆಗ ದಿನ ಬದಲಾಗುವ ಗೆರೆಯ ಮೇಲಿತ್ತಂತೆ; ಆ ಕಡೆ ಸೋಮವಾರ, ಈ ಕಡೆ ಮಂಗಳವಾರ.

ಹೀಗಾಗಿ ಇಂದಿರಾಬಾಯಿ ಪ್ರತಿ ವರ್ಷ ಎರಡೂ ದಿನದ ತಿಥಿಗೆ ಶ್ರಾದ್ಧ ಮಾಡಿಸುತ್ತಾರೆ. ನಡುವಿನ ರಾತ್ರಿ ಅವರ ಬಾಗಿಲು ತೆರೆದೇ ಇರುತ್ತದೆ. ದೂರದ ರೈಲಿನ ಸದ್ದು ಅಲೆಯಂತೆ ಬಂದು ಹೊಸ್ತಿಲು ಮುಟ್ಟಿ ಹಿಂದೆ ಸರಿಯುತ್ತದೆ.

ಈ ಸಲ ನನಗೆ ತಡೆಯಲಾಗಲಿಲ್ಲ. "ಯಾವುದರ ಒಂದು ಖರೇ ಇರಬೇಕಲ್ರಿ ವೈನಿ. ಅದನ್ನ ಹಿಡೀರಿ," ಎಂದೆ.

ಅವರು ಬಾಳೆ ಎಲೆ ಒರೆಸುತ್ತಲೇ ಹೇಳಿದರು: "ಇದ್ದಾಗ ಬಂದ ದಿನಾನ ತಿರುಗಿ ಹೊಂಡತಿದ್ರು. ಈಗರ ಒಂದು ರಾತ್ರಿ ಮನ್ಯಾಗ ಉಳೀತಾರ."