ಮೀನಿಗೆ ಮನೆ ನೋಡುತ್ತಿದ್ದವರು

ಚಾಮರಾಜನಗರದ ಬಣ್ಣದ ಮೀನಿನ ಅಂಗಡಿಯವರ ಮುಖ ನನಗೀಗ ಸರಿಯಾಗಿ ನೆನಪಿಲ್ಲ. ಕನ್ನಡಕವಿತ್ತು ಎಂದು ಬರೆಯಹೊರಟೆ. ಅದನ್ನು ನಾನೇ ತೊಡಿಸಿರಬಹುದು. ಮಾತಿಗೆ ಮೊದಲು ಒದ್ದೆ ಕೈಗಳನ್ನು ಮೊಣಕೈವರೆಗೂ ಒರೆಸಿಕೊಳ್ಳುತ್ತಿದ್ದುದು, ಎಲ್ಲರಿಗೂ "ಮೀನು ಆಮೇಲೆ, ನೀರು ಮೊದ್ಲು" ಎನ್ನುತ್ತಿದ್ದುದು ಮಾತ್ರ ಖಂಡಿತ.

ಹರವೆಯ ನಮ್ಮ ಮನೆಯಲ್ಲಿ, ಅಡಿಯುದ್ದದ ತೊಟ್ಟಿಯೊಳಗೆ ಮೂರು ಗೋಲ್ಡ್ ಫಿಶ್ ಸತ್ತಿದ್ದವು. ತನ್ನ ಕೈಯೇ ಕೆಟ್ಟದ್ದೆಂದು ನಂಬಿದ ಮಗಳು ಆಮೇಲೆ ತೊಟ್ಟಿಯನ್ನು ಮುಟ್ಟಲೇ ಇಲ್ಲ. ಅವಳನ್ನೂ ಕರೆದೊಯ್ದು, ಇದನ್ನೆಲ್ಲ ಹೇಳಿ, ಗಟ್ಟಿ ಜೀವದ ಮೀನು ಕೇಳಿದೆ.

"ಗಪ್ಪಿ ತಕಳಿ ಮೇಡಂ. ಆದ್ರೆ ಇವತ್ತು ಕೊಡಾಕಿಲ್ಲ. ಓಗಿ, ನಿಮ್ಮ ಬೋರ್ ನೀರು ಒಂದು ಕ್ಯಾನ್ ತಕಬನ್ನಿ."

"ಹೆಣ್ಣು ಕೊಡೋರ ಹಾಗೆ ಮನೆ ನೋಡ್ತೀರಲ್ಲ" ಎಂದೆ.

"ಮತ್ತೆ? ಒಗ್ಗದಿದ್ರೆ ತವರಿಗೆ ನಡ್ಕಬರಾಕೆ ಅದ್ಕೆ ಕಾಲಿದ್ದವಾ?"

ಮರುದಿನ ಒಯ್ದ ನೀರನ್ನು ಜಾಡಿಗೆ ಸುರಿದು, ತಮ್ಮ ತೊಟ್ಟಿಯ ನೀರನ್ನೂ ಒಂದಿಷ್ಟು ಬೆರೆಸಿ, ನಾಲ್ಕು ಗಪ್ಪಿ ಬಿಟ್ಟು, ಜಾಡಿಯನ್ನು ಅಂಗಡಿಯಲ್ಲೇ ಇಟ್ಟುಕೊಂಡರು. ವಾರ ಕಳೆದು ನಾವು ಮತ್ತೆ ಹೋದಾಗ ನಾಲ್ಕೂ ಚುರುಕಾಗಿದ್ದವು. ಅಕ್ಕಿಕಾಳಿನಷ್ಟು ಮರಿಗಳೂ ಇದ್ದವು.

"ಇವು ಸಾಯಲ್ವಾ?" ಮಗಳು ಕೇಳಿದಳು.

"ಸಾಯ್ತವೆ ಕಣಮ್ಮಿ, ವಯಸ್ಸಾದ್ಮೇಲೆ. ಆ ಗೋಲ್ಡ್ ಫಿಶ್‌ಗೆ ತೊಟ್ಟಿ ಚಿಕ್ಕುದಾಯ್ತು, ನೀರು ಬೇಗ ಕೆಟ್ಟೋಯ್ತು. ಅದ್ರಲ್ಲಿ ನಿನ್ನ ಕೈದೇನು ತಪ್ಪು?"

ಮೀನು ತುಂಬಿದ ಕವರನ್ನು ಅವರು ನನ್ನತ್ತ ನೀಡಿದಾಗ, ಮಗಳು ನಡುವೆ ಬಂದು, ಎರಡೂ ಕೈ ಚಾಚಿ ತಾನೇ ತೆಗೆದುಕೊಂಡಳು.