ನನ್ನ ಹೆಸರು ತಿಪ್ಪವ್ವ

ನನ್ನ ಹೆಸರು ತಿಪ್ಪವ್ವ. ಹೇಳಿದ ಕೂಡಲೇ ಎದುರಿದ್ದವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಆಮೇಲೆ ಬಹಳ ಮರ್ಯಾದೆಯಿಂದ, ಹಳೇ ಕಾಲದ ಹೆಸರು ಎನ್ನುತ್ತಾರೆ. ಹಳೇ ಕಾಲದ್ದಲ್ಲ, ತಿಪ್ಪೆಯದು. ಅರ್ಥಕ್ಕಾಗಿ ನಿಘಂಟು ತೆರೆಯಬೇಕಿಲ್ಲ, ಚಿಕ್ಕಪಡಸಲಗಿಯ ನಮ್ಮ ಹಿತ್ತಲಿಗೆ ಹೋಗಿದ್ದರೆ ಸಾಕಿತ್ತು.

ನನಗಿಂತ ಮೊದಲು ಹುಟ್ಟಿದ ಮಕ್ಕಳು ಒಂದೂ ಉಳಿಯಲಿಲ್ಲ. ಅವಕ್ಕೆಲ್ಲ ಅವ್ವ ಚೆಂದದ ಹೆಸರುಗಳನ್ನೇ ಇಟ್ಟಿದ್ದಳಂತೆ. ಸಾವಿಗೆ ಚೆಂದದ್ದರ ಮೇಲೆಯೇ ಕಣ್ಣು ಎಂದು ಹಿರಿಯರು ಹೇಳಿದ್ದರಿಂದ, ಹಸುಗೂಸಾಗಿದ್ದ ನನ್ನನ್ನು ಮೊರದಲ್ಲಿ ಮಲಗಿಸಿ, ಹಿತ್ತಲ ತಿಪ್ಪೆಯ ಮೇಲಿಟ್ಟು, ತಿರುಗಿ ನೋಡದೆ ಒಳಗೆ ಬಂದಳು. ಪಕ್ಕದ ಮನೆಯ ಕುರುಬರ ಅಜ್ಜಿ ನನ್ನನ್ನು ಎತ್ತಿ ತಂದು, ಬೊಗಸೆ ಜೋಳಕ್ಕೆ ಅವ್ವನಿಗೇ ಮಾರಿದಳು. ಹೀಗೆ ನಾನು ಹೆತ್ತವಳಿಗೆ ಹುಟ್ಟಿದವಳೂ ಹೌದು, ಕೊಂಡವಳಿಗೆ ಸೇರಿದವಳೂ ಹೌದು.

ನನಗೆ ಮಾತ್ರ ಈ ಹೆಸರು ಬೇಡವಾಗಿತ್ತು. ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ನಮ್ಮ ಕಡೆ ಉಂಟು. ಉಳಿದ ಹುಡುಗಿಯರು ಗಂಡ ಹೇಗಿರುತ್ತಾನೋ ಎಂದು ಯೋಚಿಸುತ್ತಿದ್ದಾಗ, ಹೆಸರು ಯಾವುದಿರುತ್ತದೋ ಎಂದು ನಾನು ಯೋಚಿಸುತ್ತಿದ್ದೆ. ನಮ್ಮ ಜಮಖಂಡಿ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದಿತ್ತು. ಜಮಖಂಡಿಗೆ ದೊರೆಯೇ ಬದಲಾದ ಮೇಲೆ ನನ್ನ ಹೆಸರು ಬದಲಾಗಲು ಅಡ್ಡಿಯೇನು?

ಸಂಬಂಧ ಕೂಡಿದ್ದು ಬನಹಟ್ಟಿಯ ನೇಕಾರರ ಮನೆಗೆ. ಹುಡುಗ ರಬಕವಿಯಲ್ಲಿ ಶಾಲೆಯ ಮಾಸ್ತರರು. ಅವರ ಹೆಸರು ಕೇಳಬೇಡಿ. ನಮ್ಮಲ್ಲಿ ಹೆಂಡತಿಯ ಹೆಸರು ಬದಲಾಗುತ್ತದೆ, ಗಂಡನ ಹೆಸರು ಬಾಯಿಂದಲೇ ಮಾಯವಾಗುತ್ತದೆ. ಮದುವೆ ಗಂಡಿನ ಮನೆಯಲ್ಲೇ ಆಯಿತು. ತಲೆಯ ಮೇಲೆ ಅಕ್ಕಿಕಾಳು ಬಿದ್ದಾದ ಮೇಲೆ ತಾಟಿನಲ್ಲಿ ಅಕ್ಕಿ ಹರಡಿ ಮಾಸ್ತರರ ಮುಂದಿಟ್ಟರು. ಹೊಸ ಹೆಸರನ್ನು ಅವರು ಉಂಗುರದಿಂದ ಅದರಲ್ಲಿ ಬರೆಯಬೇಕು. ಸರೋಜಿನಿ ಎಂದರು ಅತ್ತೆ. ನಾನು ತಲೆ ತಗ್ಗಿಸಿಯೇ ಹಿಗ್ಗಿದೆ.

ಅಷ್ಟರಲ್ಲಿ ಅವ್ವ ಹೆಂಗಸರ ನಡುವಿನಿಂದ ಎದ್ದು ಬಂದಳು. ಗಂಡಸರ ಮುಂದೆ ಎಂದೂ ದನಿ ತೆಗೆಯದವಳು.

"ಹೆಸರೊಂದ ಬದಲ ಮಾಡಬ್ಯಾಡ್ರಿ. ಉಳದಾಕಿ ಇಕಿ ಒಬ್ಬಾಕೀನ."

ಆ ಮನೆಗೆ ಹಿರಿಯರೆಂದರೆ ಮಾಸ್ತರರ ದೊಡ್ಡಪ್ಪ. ಮಾಸ್ತರನ ಹೆಂಡತಿ ತಿಪ್ಪವ್ವ ಎಂದರೆ ಊರು ನಗುತ್ತದೆ, ಹೆಸರು ಬಿಡಲಾಗದಿದ್ದರೆ ಮಗಳನ್ನೇ ಕರೆದುಕೊಂಡು ಹೋಗಿ ಎಂದರು. ಗದರಲಿಲ್ಲ, ಸಣ್ಣ ದನಿಯಲ್ಲೇ ಹೇಳಿದರು. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ವಾದ್ಯದವರು ನಿಲ್ಲಿಸಿದರು. ಅಪ್ಪ ಅವ್ವನಿಗೆ ಕಣ್ಣಿನಲ್ಲೇ ಸುಮ್ಮನಿರು ಎಂದ. ಅವಳು ಸೆರಗು ಬಿಗಿದುಕೊಂಡು ನಿಂತಲ್ಲೇ ನಿಂತಳು.

ಮಾಸ್ತರರು ಉಂಗುರ ಹಿಡಿದು ಕೂತಿದ್ದರು. ದೊಡ್ಡಪ್ಪನ ಕಡೆ ನೋಡಲಿಲ್ಲ, ಅವ್ವನ ಕಡೆಯೂ ನೋಡಲಿಲ್ಲ. ನನ್ನತ್ತ ತಿರುಗಿದರು.

"ನೀ ಹೇಳು. ಏನಂತ ಬರೀಲಿ?"

ಮದುಮಗಳನ್ನು ಜನರೆದುರು ಏನಾದರೂ ಕೇಳುವ ಕಾಲವಲ್ಲ ಅದು. ಸರೋಜಿನಿ ನನ್ನ ನಾಲಿಗೆಯ ತುದಿಗೆ ಬಂದು ನಿಂತಿದ್ದಳು. ಅವ್ವನನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಯಾರೋ ಒಳಗೆ ಬರಲು ಹೊಂಚುತ್ತಿದ್ದಾರೆ ಎಂಬಂತೆ ಬಾಗಿಲನ್ನೇ ನೋಡುತ್ತಿದ್ದಳು.

"ಇದ್ದದ್ದ ಬರೀರಿ," ಎಂದೆ.

ಬರೆದರು. ದೊಡ್ಡಪ್ಪ ಊಟಕ್ಕೆ ಕೂಡದೆ ಎದ್ದುಹೋದರು. ನನ್ನನ್ನು ತವರಿಗೆ ಅಟ್ಟಲಿಲ್ಲ, ಆದರೆ ಅತ್ತೆ ಆ ಹೆಸರನ್ನು ಬಾಯಿಗೆ ತರಲಿಲ್ಲ. "ಇಕಿ" ಎನ್ನುತ್ತಿದ್ದರು, ತಪ್ಪಿದರೆ ಕೈಬಳೆ ಸದ್ದು ಮಾಡಿ ಕರೆಯುತ್ತಿದ್ದರು. ಬಳೆಯ ಸದ್ದಿಗೆ ಓಗೊಡುವುದನ್ನೂ ನಾನು ಕಲಿತೆ.

ಬಸುರಾದಾಗ ತವರಿಗೆ ಕರೆದೊಯ್ಯುವ ಮೊದಲೇ ಒಂದು ಮುಂಜಾನೆ ನೋವು ಶುರುವಾಯಿತು. ಹೆಣ್ಣು ಕೂಸು ಹುಟ್ಟಿತು, ನನಗೆ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಕೈ ಚೆಲ್ಲಿದಳು. ಮಾಸ್ತರರು ಡಾಕ್ಟರರನ್ನು ಕರೆತರಲು ಜಮಖಂಡಿಗೆ ಓಡಿದರು. ಹೊರಗೆ ಮಗ್ಗಗಳೆಲ್ಲ ನಿಂತುಹೋದದ್ದು ನನಗೆ ಗೊತ್ತಾಯಿತು. ನಿಂತದ್ದು ಅವೋ ನನ್ನ ಕಿವಿಗಳೋ ಎಂಬುದು ಗೊತ್ತಾಗಲಿಲ್ಲ. ನಿದ್ದೆ ಬಂದಷ್ಟೇ ಹಿತವಾಗಿ ಕಣ್ಣು ಮುಚ್ಚುತ್ತಿತ್ತು.

"ತಿಪ್ಪವ್ವಾ, ಕಣ್ಣ ತೆರಿ ಬೇ. ತಿಪ್ಪವ್ವಾ."

ಅತ್ತೆಯ ದನಿ. ಡಾಕ್ಟರರು ಬರುವವರೆಗೂ ಅವರು ಕರೆಯುವುದನ್ನು ನಿಲ್ಲಿಸಲಿಲ್ಲವಂತೆ, ಗಂಟಲು ಒಡೆದರೂ.

ನಾನು ಉಳಿದದ್ದು ಡಾಕ್ಟರರ ಸೂಜಿಯಿಂದ ಎಂದು ಮಾಸ್ತರರು, ಹೆಸರಿನಿಂದ ಎಂದು ಅವ್ವ. ಇಬ್ಬರ ವಾದದಲ್ಲೂ ನಾನು ತಲೆ ಹಾಕುವುದಿಲ್ಲ. ನನಗೆ ಗೊತ್ತಿರುವುದಿಷ್ಟೇ: ಆವತ್ತು ಸರೋಜಿನಿ ಎಂದು ಕೂಗಿದ್ದರೆ, ಯಾರನ್ನೋ ಕರೆಯುತ್ತಿದ್ದಾರೆಂದು ನಾನು ಮಲಗಿಬಿಡುತ್ತಿದ್ದೆ.

ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಿದವರು ಅತ್ತೆಯೇ. ಯಾರನ್ನೂ ಕೇಳದೆ ಕಲ್ಲವ್ವ ಎಂದುಬಿಟ್ಟರು. ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ನಾನು ತೊಟ್ಟಿಲು ತೂಗಿದೆ.

ಈಗ ಆ ಕಲ್ಲವ್ವ ಕಾಲೇಜಿಗೆ ಹೋಗುತ್ತಾಳೆ. ಗೆಳತಿಯರು ನಗುತ್ತಾರೆಂದು ವಾರಕ್ಕೊಮ್ಮೆಯಾದರೂ ನನ್ನನ್ನೂ ಅಜ್ಜಿಯನ್ನೂ ಸೇರಿಸಿ ಬೈಯುತ್ತಾಳೆ. ನಾನೂ ಅತ್ತೆಯೂ ರೊಟ್ಟಿ ತಟ್ಟುತ್ತಾ ಕೇಳಿಸಿಕೊಳ್ಳುತ್ತೇವೆ. ಬೈಯಲಿ. ಬೈಯುವಷ್ಟು ದೊಡ್ಡವಳಾದಳಲ್ಲ, ಹೆಸರಿಟ್ಟದ್ದೇ ಅದಕ್ಕೆ.